ಲಿವಿಯು ಬರೆಯುವ ಕಪ್ಪೆ

ತಿಮಿಶ್ವಾರ ನಗರದ ಟ್ರಾಮ್ ಚಾಲಕ ಲಿವಿಯು ಕೂತಲ್ಲಿ ಕೂರುವ ಜೀವವಲ್ಲ. ಕೊನೆಯ ನಿಲ್ದಾಣ ಮುಟ್ಟಿದರೆ ಸಾಕು, ಪೆನ್ಸಿಲ್ ಹಿಡಿದು ತನ್ನ ಬಾಲ್ಯದ ವಿಡಿಯೋ ಗೇಮಿನ ಕಪ್ಪೆಯನ್ನು ಬರೆಯುತ್ತಾನೆ, ಅಳಿಸುತ್ತಾನೆ, ಎದ್ದು ಅಡ್ಡಾಡಿ ಬಂದು ಮತ್ತೆ ಬರೆಯುತ್ತಾನೆ. ಟಿವಿಯಲ್ಲಿ ಅದು ಹಸಿರು ಚೌಕಗಳ ಮುದ್ದೆಯಷ್ಟೇ ಆಗಿತ್ತು. ಇವನ ಚಿತ್ರಗಳಲ್ಲಿ ಅದಕ್ಕೆ ಕಣ್ರೆಪ್ಪೆ, ಉಣ್ಣೆಯ ಕೋಟು, ನೆಗಡಿ ಹಿಡಿದ ಕೆಂಪು ಮೂಗು ಎಲ್ಲವೂ ಉಂಟು. "ಅದಕ್ಕೆ ಮೂಗೇ ಇರ್ಲಿಲ್ಲ ಮಾರಾಯ," ಎಂದು ಹೆಂಡತಿ ಡೋಯ್ನಾ ಛೇಡಿಸಿದರೆ, "ಇತ್ತು ಕಣೆ, ನೀನು ಸರಿಯಾಗಿ ನೋಡಿಲ್ಲ," ಎನ್ನುತ್ತಾನೆ, ಕಾಲು ಕುಣಿಸುತ್ತಲೇ. ಮೊನ್ನೆ ಅವನ ಹುಟ್ಟುಹಬ್ಬಕ್ಕೆ ಅವಳು ಹಳೇ ಸಾಮಾನಿನ ಸಂತೆಯಿಂದ ಅದೇ ಗೇಮನ್ನು ಹುಡುಕಿ ತಂದು ಟಿವಿಗೆ ಜೋಡಿಸಿದಳು. ಲಿವಿಯು ಜಾಯ್‌ಸ್ಟಿಕ್ಕನ್ನು ಒಮ್ಮೆ ಸವರಿ, ಅವಳ ಕೈಗೇ ಕೊಟ್ಟು, ಮೊಣಕಾಲು ಅಪ್ಪಿಕೊಂಡು ನೆಲದ ಮೇಲೆ ಕೂತ. "ನೀನಾಡು," ಎಂದ. "ಚಿಕ್ಕೋನಿದ್ದಾಗ ಪಕ್ಕದ ಮನೆ ರಾದು ತನ್ನ ಗೇಮನ್ನ ನಂಗೆ ಒಂದ್ಸಲಾನೂ ಆಡೋಕೆ ಕೊಡ್ಲಿಲ್ಲ. ನಂಗೆ ನೋಡೋದಷ್ಟೇ ಗೊತ್ತು."