ಕನ್ನಮ್ಮ ಸೀಸದ ಗುಂಡು ಹೊಯ್ದದ್ದು

ಬ್ಯಾಕೋಡಿನ ಗುತ್ಯಪ್ಪ ಹಿನ್ನೀರಿನಲ್ಲಿ ಬಲೆ ಬೀಸಿ ಮೀನು ಹಿಡಿಯುತ್ತಿದ್ದವನು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನೂ ಅಂಗಳದಲ್ಲಿ ತಾನೇ ಕರಗಿಸಿ ಹೊಯ್ಯುತ್ತಿದ್ದ. ಕಳೆದ ವರ್ಷ ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಹೆಂಡತಿ ಕನ್ನಮ್ಮ ತಾನೇ ದೋಣಿ ಹತ್ತಿದಳು. ಈ ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಮುಳುಗಡೆಯ ಮರದ ಬೊಡ್ಡೆಗೆ ಸಿಕ್ಕಿತು. ಜಗ್ಗಿದ ರಭಸಕ್ಕೆ ಅರ್ಧಕ್ಕರ್ಧ ಗುಂಡುಗಳು ಕಿತ್ತುಹೋದವು.

“ಗುಂಡು ನಾನೇ ಹೊಯ್ತೀನಿ. ನೀವು ಕೂತು ನೋಡಿ, ತಪ್ಪಿದ್ರೆ ಹೇಳಿ” ಎಂದಳು.

ಗುತ್ಯಪ್ಪ ಬೇಡವೆಂದು ತಲೆಯಾಡಿಸಿದ. ಅವಳು ಕೇಳಲಿಲ್ಲ. ಕಬ್ಬಿಣದ ಅಚ್ಚನ್ನು ಅಟ್ಟದಿಂದ ಇಳಿಸಿ, ತುಕ್ಕು ಉಜ್ಜಿ ತೊಳೆದು, ಒಲೆಯಾಚೆಯ ಕಲ್ಲಿನ ಮೇಲೆ ನೀರಿನ ಚೊಂಬಿನ ಪಕ್ಕ ಇಟ್ಟಳು. ಹಳೆಯ ಬಾಣಲೆಯಲ್ಲಿ ಸೀಸ ಕರಗಿ ಹೊಳೆಯತೊಡಗಿತು. ಅವಳು ಅದನ್ನು ಸೌಟಿನಲ್ಲಿ ಎತ್ತಿದಳು.

“ನೀ… ನೀರು” ಎಂದ ಗುತ್ಯಪ್ಪ, ಎಡಗೈಯನ್ನು ಕಲ್ಲಿನ ಕಡೆ ಚಾಚಿ.

“ತಡೀರಿ, ಇದೊಂದು ಹೊಯ್ದು ಕೊಡ್ತೀನಿ.”

“ನೀರು! ನೀರು!”

ಅವಳು ಸೌಟು ಇಳಿಸಿ ಚೊಂಬು ಕೊಟ್ಟಳು. ಅವನು ಅದನ್ನು ದೂಡಿಬಿಟ್ಟ. ನೀರೆಲ್ಲ ಅವನ ಪಂಚೆಯ ಮೇಲೆ ಚೆಲ್ಲಿತು.

“ಎಂತಾಗಿದೆ ನಿಮ್ಗೆ!”

ರೇಗಿಕೊಂಡೇ ಮತ್ತೆ ಸೌಟೆತ್ತಿ ಅಚ್ಚಿನ ಮೇಲೆ ಬಗ್ಗಿದಳು. ಗುತ್ಯಪ್ಪ ಕುರ್ಚಿಯಿಂದ ನೆಲಕ್ಕೆ ಬಿದ್ದು ಅವಳ ಸೆರಗನ್ನು ಬಲವಾಗಿ ಜಗ್ಗಿದ. ಅವಳು ಹಿಂದಕ್ಕೆ ವಾಲುವಾಗ ಒಂದಿಷ್ಟು ಸೀಸ ಅಚ್ಚಿಗೆ ಬಿತ್ತು. ಫಟ್ಟೆಂದು ಸಿಡಿಯಿತು. ಅವಳ ಮುಖವಿದ್ದ ಜಾಗದಲ್ಲೇ ಸೀಸದ ಹನಿಗಳು ಹಾರಿದವು. ಒಂದು ಮೊಣಕೈಗೆ ಅಂಟಿ ಚುರ್ರೆಂದಿತು.

ಉರಿ ಏರುತ್ತಿದ್ದರೂ ಕನ್ನಮ್ಮ ಅಚ್ಚನ್ನೇ ನೋಡಿದಳು. ಕುಳಿಗಳಲ್ಲಿ ತೊಳೆದ ನೀರಿನ ತೇವ ಇನ್ನೂ ಇತ್ತು, ಅದಕ್ಕೇ ಕಾದ ಸೀಸ ಸಿಡಿದಿತ್ತು.

“ಅಚ್ಚಲ್ಲಿ ನೀರೈತೆ ಅಂತ ಹೇಳಿದ್ರಾ?”

ಅವನು ಹೌದೆಂದು ತಲೆಯಾಡಿಸಿ ಮಗುವಿನಂತೆ ಅತ್ತ. ಅವಳು ಅವನನ್ನು ಎಬ್ಬಿಸಲು ಹೋಗಿ, ಶಕ್ತಿ ಸಾಲದೆ ಪಕ್ಕದಲ್ಲೇ ಕುಸಿದು ಕೂತಳು. ಆವತ್ತು ಮತ್ತೆ ಆ ಒಲೆಯ ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಗಾಯ ಒಣಗಿದ ಮೇಲೆ ಕನ್ನಮ್ಮ ಅಚ್ಚನ್ನು ಕೆಂಡದ ಪಕ್ಕ ಚೆನ್ನಾಗಿ ಕಾಯಿಸಿದಳು. ಗುತ್ಯಪ್ಪ ಬಗ್ಗಿ ಒಂದೊಂದೇ ಕುಳಿ ನೋಡಿ “ಹ್ಞೂಂ” ಎಂದ ಮೇಲೆಯೇ ಸೌಟು ಮುಟ್ಟಿದಳು. ಉಸಿರು ಬಿಗಿಹಿಡಿದು ಹೊಯ್ದಳು. ಸೀಸ ಸದ್ದಿಲ್ಲದೆ ಇಳಿಯಿತು. ಮೊದಲ ಗುಂಡುಗಳು ಸೊಟ್ಟಗಿದ್ದವು, ಅವನು ನಕ್ಕ. ಆಮೇಲಿನವು ಸರಿಬಂದವು. ವಾರದೊಳಗೆ ಬಲೆ ಮತ್ತೆ ನೀರಿಗಿಳಿಯಿತು.