ಹೇರೋಹಳ್ಳಿಯಲ್ಲಿ ಕೇಳಿದ ಬಹುವಚನ

ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಎರಡನೆಯದು ಭುಜಕ್ಕೆ. ಮೂರನೆಯದು ಎಲ್ಲಿಗೆ ಅಂತ ನನಗೆ ಕಾಣಲಿಲ್ಲ. ಅಷ್ಟರಲ್ಲಿ ಅವನು ನೆಲಕ್ಕೆ ಬಿದ್ದಿದ್ದ. ಗ್ಯಾರೇಜಿನ ನೆಲದ ಆಯಿಲ್ ಮೇಲೆ ರಕ್ತ ಕೆಂಪಾಗಿ ಕಾಣುವುದಿಲ್ಲ, ಬರೀ ಹೊಳೆಯುತ್ತದೆ. ಅದು ನನಗೆ ಆ ಭಾನುವಾರ ಗೊತ್ತಾಯಿತು.

ಹೇರೋಹಳ್ಳಿಯ ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಇಬ್ಬರು ಗೆಳೆಯರು ಬೈಕ್ ರಿಪೇರಿ ಮಾಡುತ್ತಿದ್ದರು. ಒಂದೇ ಬೀದಿಯಲ್ಲಿ ಬೆಳೆದವರು. ಒಬ್ಬ ಎತ್ತರ, ಇನ್ನೊಬ್ಬ ದಪ್ಪ. ಬೆಳಗಿನಿಂದ ಸಂಜೆಯವರೆಗೆ ಅವರ ಮಾತು ಮಹಡಿಗೆ ಕೇಳುತ್ತಿತ್ತು. "ಮಗಾ, ಚೈನ್ ಸರಿಯಾಗ್ ಹಾಕ್ಲಿಲ್ಲ ಅಂದ್ರೆ ಸಾಯಿಸ್ಬಿಡ್ತೀನಿ." "ಡವ್ ಮಾಡ್ಬೇಡ ಗುರು, ನಿನ್ನ ಮೊದ್ಲು ನಾನೇ ಎತ್ತೋದು."

ಶುರುವಿನಲ್ಲಿ ಅಪ್ಪ ಹೆದರಿದ್ದರು. ಅವರು ಈ ಊರು ಹೊಲವಾಗಿದ್ದಾಗ ಹುಟ್ಟಿದವರು. "ಎತ್ತಿಬಿಡ್ತೀನಿ ಅಂತಾವ್ನಲ್ಲವ್ವ, ಪೊಲೀಸ್ರಿಗೆ ಹೇಳಾಣ್ವಾ?" ಎಂದು ಕೇಳಿದ್ದರು. ನಾನು ಡಿಗ್ರಿ ಮುಗಿಸಿ ಹತ್ತು ವರ್ಷ ಕಾಲೇಜು ಹುಡುಗರ ನಡುವೆ ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ಅಪ್ಪನಿಗೆ ಒಂದೊಂದನ್ನೇ ಬಿಡಿಸಿ ಹೇಳಿದೆ. ಡವ್ ಅಂದರೆ ನಾಟಕ ಅಂತ, ಚಿಂದಿ ಅಂದರೆ ತುಂಬಾ ಚೆನ್ನಾಗಿದೆ ಅಂತ, ಸೀನ್ ಇಲ್ಲ ಅಂದರೆ ಆಗೋದಿಲ್ಲ ಅಂತ, ಸಾಯಿಸ್ತೀನಿ ಅಂದರೆ ಏನೂ ಇಲ್ಲ ಅಂತ. ಈ ಕಾಲದ ಭಾಷೆ ನನಗೆ ಬರುತ್ತದೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಆ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಅಪ್ಪ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಕೆಳಗೆ ದಪ್ಪನೆಯವನು ಸ್ಟೂಲಿನ ಮೇಲೆ ಕೂತು ಬೈಕಿನ ಬ್ರೇಕ್ ಬಿಚ್ಚುತ್ತಿದ್ದ. ಎತ್ತರದವನು ಹೊರಗಿನಿಂದ ಬಂದು ಅವನ ಮುಂದೆ ನಿಂತ.

"ಮದುವೆ ಗೊತ್ತಾಗಿರೋ ಹುಡುಗನ ಮನೆಗೆ ನೀವು ಹೋಗಿದ್ರಾ?"

ದಪ್ಪನೆಯವನು ನಕ್ಕ. "ಏನ್ ಮಗಾ, ನೀವು ಗೀವು? ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದೀಯಾ?"

"ಕೇಳಿದ್ದಕ್ಕೆ ಉತ್ತರ ಕೊಡಿ. ನಮ್ಮ ತಂಗಿ ವಿಷಯ ಅವ್ರಿಗೆ ಹೇಳಿದ್ದು ನೀವೇನಾ?"

"ಲೇ, ಅವ್ಳು ಇನ್ನೊಬ್ಬನ್ನ ಇಷ್ಟಪಡ್ತಿದಾಳೆ ಕಣೋ. ಆಮೇಲೆ ಗೊತ್ತಾದ್ರೆ ಇನ್ನೂ ಪ್ರಾಬ್ಲಮ್ಮು."

ಅಪ್ಪ ಪೇಪರ್ ಕೆಳಗಿಟ್ಟರು. "ಇವ್ನು ಬಹುವಚನ ಹಿಡ್ದವ್ನೆ. ಓಡವ್ವ, ಓಡೋಗಿ ಮಧ್ಯ ನಿಂತ್ಕೋ."

ನಾನು ನಕ್ಕೆ. ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡೇ ಹೇಳಿದೆ: "ಕಾಮಿಡಿ ಮಾಡ್ತಿದಾರೆ ಕಣಪ್ಪ. ಅದೂ ಅವ್ರ ಸ್ಟೈಲೇ."

ಅಪ್ಪ ಕಂಬಿ ಹಿಡಿದು ಏಳಲು ನೋಡಿದರು. ಮಂಡಿ ಕೈಕೊಟ್ಟಿತು. ಕೆಳಗಿನಿಂದ ಒಂದು ತಣ್ಣನೆಯ ದನಿ ಬಂತು.

"ದಯವಿಟ್ಟು ಎದ್ದು ನಿಂತ್ಕೊಳ್ಳಿ."

ದಪ್ಪನೆಯವನು ಎದ್ದ. ಇನ್ನೂ ನಗುತ್ತಲೇ ಇದ್ದ. ಎತ್ತರದವನ ಕೈಯಲ್ಲಿ ಕಬ್ಬಿಣದ ರಾಡು ಯಾವಾಗ ಬಂತೋ ನಾನು ನೋಡಲಿಲ್ಲ. ಸದ್ದು ಮಾತ್ರ ಕೇಳಿತು. ಒಣ ತೆಂಗಿನಕಾಯಿ ಒಡೆದಂತೆ ಅಲ್ಲ, ಅದಕ್ಕಿಂತ ಮೆತ್ತಗಿನ ಸದ್ದು. ಕ್ಲಿಪ್ ಇನ್ನೂ ನನ್ನ ಬಾಯಲ್ಲೇ ಇತ್ತು. ನಾಲ್ಕನೇ ಏಟಿಗೆ ರಾಡು ಮೇಲೆದ್ದಾಗ ಕೂಗಿದ್ದು ಅಪ್ಪ.

"ಲೇ ಬೇವರ್ಸಿ ನನ್ಮಗನೇ! ಬಿಸಾಕ್ಲಾ ಅದ್ನ!"

ಅವನು ತಲೆ ಎತ್ತಿ ನೋಡಿದ, ನಿದ್ದೆಯಿಂದ ಎಬ್ಬಿಸಿದವನ ಹಾಗೆ. ರಾಡು ಕೈಯಿಂದ ಬಿತ್ತು.

"ನೋಡ್ತಾ ನಿಂತವ್ನೆ, ಥೂ! ಬಟ್ಟೆ ತಗಂಡು ತಲೆ ಒತ್ತಿ ಹಿಡಿಲಾ! ಸತ್ತೋಯ್ತಾನೆ ಕಣ್ಲಾ ಅವ್ನು!"

ಅವನು ತನ್ನ ಅಂಗಿಯನ್ನೇ ಕಳಚಿ ಗೆಳೆಯನ ಕಿವಿಗೆ ಒತ್ತಿ ಹಿಡಿದು ಕೂತ. "ಮಗಾ, ಕಣ್ ಬಿಡೋ ಮಗಾ" ಎಂದು ಅಳತೊಡಗಿದ. ನಾನು ಆಗ ಕೆಳಗೆ ಓಡಿದೆ, ಆಟೋ ನಿಲ್ಲಿಸಿದೆ. ನಮ್ಮ ಮೆಟ್ಟಿಲು ಹದಿನಾರು. ಓಡಿದರೆ ಹತ್ತು ಸೆಕೆಂಡು ಹಿಡಿಯುತ್ತದೆ. ಆಮೇಲೆ ಎಷ್ಟೋ ಸಲ ಇಳಿದು ನೋಡಿದ್ದೇನೆ.

ಆಸ್ಪತ್ರೆಯ ಹೊರಗೆ ಅಪ್ಪ ನನ್ನನ್ನು ಬೈಯಲಿಲ್ಲ. ಮುಂಗೈ ಮೇಲಿನ ಹಳೆಯ ಗಾಯದ ಗುರುತು ತೋರಿಸಿದರು. ಜಮೀನು ಭಾಗವಾದ ದಿನ ಅವರ ಅಣ್ಣ ಬೀಸಿದ ಕುಡುಗೋಲಿನದು. "ಅಲ್ಲೀಗಂಟ ಲೇ ಅಂತಲೇ ಕರೀತಿದ್ದ. ಅವತ್ತು, 'ನೀವು ಈಚೆ ಬನ್ನಿ' ಅಂದ. ಒಟ್ಟಿಗೆ ಬೆಳೆದೋರು ಮರ್ಯಾದೆ ಕೊಟ್ರೆ ಮುಗೀತು ಅಂತ ಲೆಕ್ಕ. ಬೈತಿರೋಗಂಟ ಒಳ್ಳೇದು." ಇಷ್ಟು ವರ್ಷ ಅಪ್ಪನಿಗೆ ಹುಡುಗರ ಮಾತು ಕಲಿಸಿದ ನಾನು, ಅವರ ಕಾಲದ ಮಾತನ್ನು ಒಮ್ಮೆಯೂ ಕೇಳಿ ಕಲಿತಿರಲಿಲ್ಲ. ಎತ್ತರದವನು ಆ ಲೆಕ್ಕವನ್ನು ತನ್ನ ಮನೆಯಲ್ಲೇ ಕಲಿತಿರಬೇಕು.

ಮೂರನೇ ದಿನ ಪ್ರಾಣಾಪಾಯವಿಲ್ಲ ಎಂದರು ಡಾಕ್ಟರು. ಎಡಗಿವಿ ಇನ್ನು ಕೇಳಿಸುವುದಿಲ್ಲ. ಮಾತು ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು.

ಅಂದೇ ಮಧ್ಯಾಹ್ನ ಠಾಣೆಯಲ್ಲಿ ರೈಟರ್ ನನ್ನ ಹೇಳಿಕೆ ಬರೆದು ಓದಿದರು. "ಅವಾಚ್ಯ ಶಬ್ದಗಳಿಂದ ನಿಂದಿಸಿ, ಕಬ್ಬಿಣದ ರಾಡಿನಿಂದ..."

"ನಿಂದಿಸಲಿಲ್ಲ ಸಾರ್. ಒಂದು ಕೆಟ್ಟ ಮಾತೂ ಆಡ್ಲಿಲ್ಲ."

"ಬೈದಾಡ್ದೆ ಜಗಳ ಹೆಂಗಾಗುತ್ತೆ ಮೇಡಂ? ತುಂಬಾ ಮರ್ಯಾದೆಯಿಂದ ಮಾತಾಡಿಸಿ ಹೊಡೆದ ಅಂತ ಬರೀಲಾ?"

"ಹಾಗೇ ಬರೀರಿ. ನಮ್ಮಪ್ಪ ಓಡು ಅಂದ್ರು, ನಾನು ನಕ್ಕೊಂಡು ಅಲ್ಲೇ ನಿಂತಿದ್ದೆ, ಅದನ್ನೂ ಬರ್ಕೊಳಿ."

ಅವರು ಮೊದಲಿನ ಮೂರು ಪದ ಹೊಡೆದುಹಾಕಿದರು. ನನ್ನ ಮುಖ ನೋಡಿ ಪೆನ್ನಿನ ಕ್ಯಾಪ್ ಮುಚ್ಚಿದರು.

"ಅದು ಕೇಸಿಗೆ ಬೇಡ ಮೇಡಂ. ಇಲ್ಲಿ ಸೈನ್ ಮಾಡಿ."