ಅಣ್ಣನ ಎಡಗಾಲು ನೋಡಿ ಹಾಡುವವಳು

ಮಹಾನಂದಾ ಹಾಡುವಾಗ ಜನರ ಮುಖ ನೋಡುತ್ತಿರಲಿಲ್ಲ; ಅಣ್ಣನ ಎಡಗಾಲು ನೋಡುತ್ತಿದ್ದಳು. ಮೈಕು ಹಿಡಿದು ಅರ್ಧ ತಿರುಗಿ ನಿಂತರೆ ಎದುರಿಗಿದ್ದವರಿಗೆ ಒಂದು ಕೆನ್ನೆ, ಒಂದು ಓಲೆ, ಒಂದು ಜಡೆ ಮಾತ್ರ ಕಾಣುವುದು. ನಾರಾಯಣಖೇಡದ ಮದುವೆಯೊಂದರಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ನಾನು ಕುಳಿತಿದ್ದ ಸೌಂಡ್ ಮಿಕ್ಸರ್ ಬಳಿ ಬಂದು, "ಏನಪಾ, ಆ ಹುಡುಗಿಗಿ ನಮ್ಮ ಮ್ಯಾಲ ಸಿಟ್ಟದೇನು? ಬಂದಾಗಿಂದ ಮಾರಿ ತೋರ್ಸವಲ್ಲಳು" ಎಂದರು. ನಿಜ ಹೇಳಿದರೆ ನಂಬುತ್ತಾರೋ ಇಲ್ಲವೋ, ನಂಬದಿದ್ದರೆ ಈ ಊರಿಗೆ ನಮ್ಮನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂದೆಲ್ಲ ಹೆದರಿ, "ಆಕಿಗಿ ಕುತ್ತಿಗಿ ಹಿಡದದರಿ" ಎಂದುಬಿಟ್ಟೆ. ಊಟದ ಹೊತ್ತಿಗೆ ನಾಲ್ಕೈದು ಹೆಂಗಸರು ಎಣ್ಣೆಯ ಬಾಟ್ಲಿ ಹಿಡಿದು ಅವಳನ್ನು ಹುಡುಕಿಕೊಂಡು ಬಂದರು.

ಜಹೀರಾಬಾದಿನಲ್ಲಿ ಅವರದು ನಮ್ಮ ಎದುರು ಮನೆ. ಅಪ್ಪ ಸೋಮವಾರದ ಭಜನೆಗೆಂದು ಕಟ್ಟಿದ್ದ ಮನೆಮಂದಿಯ ಮೇಳವನ್ನು ಹಿರಿಮಗ ವೀರಣ್ಣ ಆರ್ಕೆಸ್ಟ್ರಾ ಮಾಡಿದ. ಅವನದು ಕೀಬೋರ್ಡ್, ತಮ್ಮ ಬಸಣ್ಣನದು ಡ್ರಮ್ಮು, ಎಲ್ಲರಿಗಿಂತ ಕಿರಿಯಳಾದ ಮಹಾನಂದಾಳದು ದನಿ. ಹಾಡು ವೀರಣ್ಣನೇ ಕಟ್ಟುತ್ತಿದ್ದ: ಒಂದು ನುಡಿ ಕನ್ನಡ, ಒಂದು ತೆಲುಗು, ಪಲ್ಲವಿಯಲ್ಲಿ ಅಷ್ಟು ಉರ್ದು. ಮೇಳದಲ್ಲಿ ಹೊರಗಿನವನೆಂದರೆ ಸೌಂಡ್ ನೋಡುವ ನಾನೊಬ್ಬನೇ. ಚಿಂತೆ ಮಾಡಲು ಒಬ್ಬರು ಬೇಕಿತ್ತು, ಆ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ.

ನಮ್ಮಲ್ಲಿದ್ದ ಸ್ಪೀಕರುಗಳೆಲ್ಲ ಜನರ ಕಡೆಗೇ ತಿರುಗಿರುತ್ತಿದ್ದವು. ಹಾಡುವವರಿಗೆ ತಾವು ಹಾಡಿದ್ದೇ ಕೇಳಿಸದು. ಅದಕ್ಕೇ ವೀರಣ್ಣ ಚಪ್ಪಲಿ ಕಳಚಿಟ್ಟು ಎಡಗಾಲಿನಿಂದ ತಾಳ ತುಳಿಯುತ್ತಿದ್ದ, ಲಂಗ ಉಡುವ ವಯಸ್ಸಿನಿಂದ ಅವಳು ಅದನ್ನೇ ನೋಡಿ ಹಾಡು ಎತ್ತಿಕೊಳ್ಳುತ್ತಿದ್ದಳು.

ಅವಳು ಕುಳಿತದ್ದನ್ನು ನಾನು ಕಂಡಿದ್ದು ಕಡಿಮೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ಕಂಬಿ ಹಿಡಿದು ನಿಲ್ಲುವಳು. "ಕುಂತ್ರ ದನಿನೂ ಕುಂತಬಿಡ್ತದ ಶಿವಣ್ಣ" ಎಂದು ನನಗೆ ಹೇಳುವಳು. ಕೊನೆಯ ಹಾಡಿನ ಕೊನೆಯ ನುಡಿ ಮುಗಿಯುವ ಮೊದಲೇ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ವೈರು ಸುತ್ತುತ್ತಿರುವಳು. ಆ ವೈರಿನಲ್ಲಿ ಕರೆಂಟಿದೆ ಎಂದು ನಾನು ಕೂಗಿದರೆ, "ನಿನ್ನ ಚಿಂತ್ಯಾಗ ಅದಕ್ಕಿಂತ ಜಾಸ್ತಿ ಅದ, ಸುಮ್ನಿರು" ಎನ್ನುವಳು.

ಅವರ ಹೆಸರು ಹಬ್ಬಿದ್ದು ಒಂದು ಕಲ್ಲಿನಿಂದ. ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರಿಯೊಬ್ಬರ ಮನೆಯ ಮದುವೆ. ಹಲಗೆ ಯಾಕೆ, ನಮ್ಮ ಮಾಲೇ ಇದೆಯಲ್ಲ ಎಂದು ಅವರು ವೇದಿಕೆಗೆ ಕಲ್ಲನ್ನೇ ಹಾಸಿದ್ದರು, ಸಿಮೆಂಟ್ ಇಲ್ಲದೆ. ವೀರಣ್ಣನ ಕಾಲ ಕೆಳಗಿನ ಕಲ್ಲು ಅಲುಗುತ್ತಿತ್ತು. ಅವನು ಒಮ್ಮೆ ತುಳಿದರೆ ಕಲ್ಲು ಅವನ ಪಾದವನ್ನು ಎತ್ತಿ ಇನ್ನೊಮ್ಮೆ ಕುಕ್ಕುತ್ತಿತ್ತು. ಕಿವಿಗಿಂತ ಆ ಕಾಲನ್ನೇ ನಂಬಿದವಳು ಮಹಾನಂದಾ. ಅದು ಓಡಿದಂತೆ ಓಡಿದಳು. ಅವಳ ಹಿಂದೆ ಬಸಣ್ಣ, ಬಸಣ್ಣನ ಹಿಂದೆ ವೀರಣ್ಣ. ತೊಟ್ಟಿಲು ತೂಗುವಂತಿದ್ದ ಹಾಡು ವಾಡಿ ಕಡೆಯ ರೈಲಿನಂತೆ ಹೊರಟಿತು. ಸ್ಪೀಕರ್ ಒಡೆಯುತ್ತದೆಂದು ನಾನು ಅದನ್ನು ತಬ್ಬಿಕೊಂಡು ನಿಂತೆ. ಜನ ಎದ್ದು ಕುಣಿದರು, ಮದುಮಗಳ ಅಜ್ಜಿಯೂ ಕುಣಿದಳು.

"ಏನಾತೋ ಅಣ್ಣಾ ಇವತ್ತ?" ಎಂದು ಬಸಣ್ಣ ಬೆವರು ಒರೆಸಿಕೊಂಡ.

"ಕಲ್ಲು ಹಾಡ್ತು. ನಾವು ಹಿಂದ ಹೋದಿವಿ" ಎಂದ ವೀರಣ್ಣ.

ಯಾರದೋ ಫೋನಿನಲ್ಲಿ ಹಿಡಿದ ಆ ಹಾಡು ಆಟೋ ಆಟೋದಲ್ಲೂ ಕೇಳತೊಡಗಿತು. ಧಾರೂರಿನ ಕಡೆಯವರೂ "ಆ ತಾಂಡೂರ ಚಾಲಿನ್ಯಾಗ ಹಾಡ್ರಿ" ಎಂದೇ ಕರೆಯುತ್ತಿದ್ದರು. ಆ ಕಲ್ಲಿಲ್ಲದೆ ಆ ಚಾಲು, ಆ ಓಟ ಬಾರದಿದ್ದರೆ ಎಂಬ ಚಿಂತೆ ಹತ್ತಿ, ನಾನು ಅದನ್ನು ವ್ಯಾಪಾರಿಯಿಂದ ಬೇಡಿ ತಂದೆ. ವರ್ಷಗಟ್ಟಲೆ ಅದನ್ನು ವ್ಯಾನಿನಲ್ಲಿ ಹೇರಿಕೊಂಡು ತಿರುಗಿದೆವು. ಇಳಿಸುವಾಗೆಲ್ಲ ಮಹಾನಂದಾ, "ಸರೀರಿ, ಶಿವಣ್ಣನ ದೇವರು ಬಂತು" ಎನ್ನುವಳು.

ಆಮೇಲೆ ವೀರಣ್ಣನಿಗೆ ಲಕ್ವಾ ಹೊಡೆಯಿತು. ಬಿದ್ದದ್ದು ಎಡಗಡೆ.

ಹೈದರಾಬಾದಿನ ಆರ್ಕೆಸ್ಟ್ರಾದವರು ಅವಳೊಬ್ಬಳನ್ನೇ ಕರೆಯುತ್ತಿದ್ದರು. ಅವಳು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ, "ಆ ಕಾಲಿಲ್ದ ನನಗ ಹಾಡಾಕ ಬರಲ್ಲ, ಬಿಡ್ರಿ" ಎನ್ನುತ್ತಿದ್ದಳು. ಮಂಚದ ಮೇಲಿನ ವೀರಣ್ಣ ಸೊಟ್ಟಗಾದ ಬಾಯಲ್ಲಿ ಒಂದೊಂದೇ ಮಾತು ಆರಿಸಿ ಹೇಳಿದ: "ತಾಂಡೂರಾಗ... ಒಪ್ಪಿದ ಮದುವಿ ಒಂದದ. ಅಲ್ಲಿ ದನಿ ಬಂದ್ರ... ಹೈದ್ರಾಬಾದಿಗಿ ಹೋಗು. ಬರ್ಲಿಲ್ಲಂದ್ರ ಮನ್ಯಾಗ ಇರು. ನಾನೂ ಬರ್ತೀನಿ."

ಅವನನ್ನು ಕುರ್ಚಿಯ ಸಮೇತ ವೇದಿಕೆಗೆ ಎತ್ತಿದೆವು. ಕಾಲ ಮೇಲೆ ಶಾಲು. ಕೀಬೋರ್ಡಿಗೆ ಬೇರೆಯವನು. ನಾನು ಕಲ್ಲನ್ನು ಅಭ್ಯಾಸದಿಂದ ಹಾಸಿಬಿಟ್ಟಿದ್ದೆ. ಈಗ ಅದು ಖಾಲಿ. ವಾದ್ಯ ಶುರುವಾಯಿತು. ಮಹಾನಂದಾ ಶಾಲನ್ನೇ ನೋಡುತ್ತ ನಿಂತಳು. ಎತ್ತಿಕೊಳ್ಳುವ ಜಾಗ ಬಂತು, ಹೋಯಿತು. ಬಸಣ್ಣ ತಾಳ ಸುತ್ತಿಸಿ ಮತ್ತೆ ಅದೇ ಜಾಗಕ್ಕೆ ತಂದ, ಅದೂ ಹೋಯಿತು. ಜನ ಗುಸುಗುಸು ಎಂದರು. ಮಿಕ್ಸರ್ ಹಿಂದೆ ನನಗೆ ತಿಳಿಯದೆಯೇ ನನ್ನ ಕಾಲು ತುಳಿಯತೊಡಗಿತ್ತು. ಅವಳ ಕಣ್ಣು ಅಲ್ಲಿಗೆ ಬಂತು. ಇನ್ನೇನು ಹಾಡುತ್ತಾಳೆ ಎಂದುಕೊಂಡೆ.

"ಶಿವಣ್ಣ, ಕಾಲು ಸುಮ್ನ ಇಡು. ಅದು ತಾಳಲ್ಲ, ನಡುಕ" ಎಂದಳು, ಮೈಕಿನಲ್ಲಿ.

ಇಡೀ ಮಂಟಪ ನಕ್ಕಿತು. ವೀರಣ್ಣನೂ ನಕ್ಕ, ಅರ್ಧ ಮುಖದಲ್ಲಿ. ಅವಳು ಚಪ್ಪಲಿ ಕಳಚಿ ಆ ಕಲ್ಲಿನ ಮೇಲೆ ತಾನೇ ನಿಂತಳು, ಜನರ ಕಡೆ ತಿರುಗಿದಳು, ಒಮ್ಮೆ ತುಳಿದಳು. ಕಲ್ಲು ಇನ್ನೊಮ್ಮೆ ಕುಕ್ಕಿತು. ದನಿ ಬಂತು. ಇಷ್ಟು ವರ್ಷದಲ್ಲಿ ಹಾಡುವಾಗಿನ ಅವಳ ಪೂರ್ತಿ ಮುಖವನ್ನು ನಾನು ಕಂಡದ್ದು ಅಂದೇ. ವೀರಣ್ಣ ಮಾತ್ರ ಮುಖ ನೋಡಲಿಲ್ಲ. ಕತ್ತು ಬಗ್ಗಿಸಿ ತಂಗಿಯ ಕಾಲನ್ನೇ ನೋಡುತ್ತಿದ್ದ.

ಅವಳು ಹೈದರಾಬಾದಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಸೀಟಿತ್ತು, ಬಾಗಿಲಲ್ಲೇ ನಿಂತಳು.

"ಅಲ್ಲಿ ಪಾಲಿಶ್ ನೆಲ ಇರ್ತದ. ಕಲ್ಲು ಒಯ್ತೀಯೇನವ್ವಾ?" ಎಂದೆ.

"ನಿನ್ನ ದೇವರು ನಿನ್ನ ಹತ್ರಾನೇ ಇರ್ಲಿ. ಬಾಗಲ ಮುಂದ ಹಾಕ್ಕೊ. ಸಿಮೆಂಟ್ ಮಾತ್ರ ಹಚ್ಚಬ್ಯಾಡ."

ಹಾಕಿಕೊಂಡಿದ್ದೇನೆ. ಕಾಲಿಟ್ಟರೆ ಅಲುಗಿ ಎರಡು ಸಲ ಸದ್ದು ಮಾಡುತ್ತದೆ. ಯಾರಾದರೂ ಎಡವಿ ಬಿದ್ದಾರು ಎಂದು ಹೆಂಡತಿ ಬೈಯುತ್ತಾಳೆ. ನನಗೂ ದಿನಾ ಅದೇ ಚಿಂತೆ. ಎದುರು ಮನೆಯ ಕುರ್ಚಿಯಲ್ಲಿ ಕುಳಿತ ವೀರಣ್ಣ ಸದ್ದಾದಾಗೆಲ್ಲ ಕತ್ತೆತ್ತಿ ಇತ್ತ ನೋಡುತ್ತಾನೆ, ಬಂದವನು ನಾನೆಂದು ತಿಳಿದು ಕತ್ತು ಇಳಿಸುತ್ತಾನೆ.